ಹಾಲಿನವನ ಬೈಕಿಗೆ ಶಕ್ತಿ ಬಂದದ್ದು

ಬೈಕಿನ ಶಕ್ತಿಯನ್ನು ಅದರ ಸದ್ದಿನಿಂದಲೇ ಅಳೆಯತಕ್ಕದ್ದು ಎಂದು ಸಾರಿಗೆ ಇಲಾಖೆ ಆದೇಶ ಹೊರಡಿಸಿತು. ಶಕ್ತಿ ಅಳೆಯುವ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಅಧಿಕಾರಿಗಳ ಕಿವಿಗಳು ಮಾತ್ರ ಸುಸ್ಥಿತಿಯಲ್ಲಿದ್ದವು.

ಗುಡ್ಡದ ಮೇಲಿನ ಆಸ್ಪತ್ರೆಗೆ ದಿನಾ ಹಾಲು ಮುಟ್ಟಿಸುತ್ತಿದ್ದ ಹಾಲಿನವನು ತನ್ನ ಹಳೇ ಬೈಕನ್ನು ಒರೆಸಿ, ಹೊಳಪು ಬರಿಸಿ, ತಪಾಸಣೆಗೆ ತಂದು ನಿಲ್ಲಿಸಿದ. ಎರಡು ಕ್ಯಾನು ತುಂಬ ಹಾಲು, ಹಿಂದಿನ ಸೀಟಿನಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅವನ ಅತ್ತೆ. ಇಷ್ಟನ್ನೂ ಹೊತ್ತು ಕೆಮ್ಮದೆ ಏರು ಹತ್ತುವ ಬೈಕು ಅದು.

ನಿರೀಕ್ಷಕರು ಕಣ್ಣು ಮುಚ್ಚಿ ಕುಳಿತರು.

"ಸ್ಟಾರ್ಟ್ ಮಾಡಯ್ಯ."

"ಮಾಡಿದೀನಿ ಸಾರ್."

"ಮತ್ತೆ ಶಕ್ತಿ ಎಲ್ಲಿ? ನಂಗೇನೂ ಕೇಳಿಸ್ತಿಲ್ವಲ್ಲ!"

"ಗುಡ್ಡ ಹತ್ತುತ್ತೆ ಸಾರ್."

"ಹತ್ತೋದು ಅದರ ಸ್ವಂತ ವಿಚಾರ. ಇಲಾಖೆ ನೋಡೋದು ಶಕ್ತಿ."

ಸೈಲೆನ್ಸರಿನೊಳಗೆ ಸದ್ದಿಗೆ ಅಡ್ಡಲಾಗಿ ತಗಡುಗಳಿದ್ದು, ಶಕ್ತಿಯೆಲ್ಲ ಅಲ್ಲೇ ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನವಾಯಿತು. ಅದನ್ನು ಬಿಡಿಸಲು ಮಾನ್ಯತೆ ಪಡೆದ ಅಂಗಡಿ ಒಂದೇ ಇತ್ತು, ಇಲಾಖೆಯ ಗೇಟಿನ ಎದುರಿಗೆ. ನಡೆಸುತ್ತಿದ್ದವನು ನಿರೀಕ್ಷಕರ ಬಾಮೈದ. ಆದೇಶಕ್ಕೂ ಅಂಗಡಿಗೂ ಸಂಬಂಧವೇನೂ ಇರಲಿಲ್ಲ, ನೆಂಟಸ್ತಿಕೆ ಮಾತ್ರ ಇತ್ತು.

ಬಾಮೈದ ಒಳಗಿನದನ್ನೆಲ್ಲ ಕಿತ್ತೆಸೆದು ಕೊಳವೆಯ ಬಾಯಿ ಅಗಲಿಸಿದ. ಬೈಕು ಗುಡುಗಿತು. ನಿರೀಕ್ಷಕರ ಚಹಾದ ಲೋಟ ಮೇಜಿನ ಅಂಚಿನವರೆಗೆ ತಾನಾಗಿ ನಡೆದು ಕೆಳಗೆ ಬಿತ್ತು.

"ಭೇಷ್! ಮೊದಲಿನ ಎರಡರಷ್ಟು ಶಕ್ತಿ!"

ಮರುದಿನ ಬೆಳಿಗ್ಗೆ ಎರಡರಷ್ಟು ಶಕ್ತಿಯ ಬೈಕು ಏರಿನ ಬುಡದಲ್ಲೇ ಮುಗ್ಗರಿಸಿತು. ನಿಧಾನಕ್ಕೆ ಭಾರ ಎಳೆಯುವ ದಮ್ಮೇ ಉಡುಗಿ ಹೋಗಿತ್ತು. ಆಕ್ಸಲರೇಟರ್ ತಿರುಗಿಸಿದಷ್ಟೂ ಪಟಪಟ ಸಿಡಿಯಿತು, ಪೆಟ್ರೋಲು ಕುಡಿಯಿತು, ನಿಂತಲ್ಲೇ ಅಬ್ಬರಿಸಿತು. ಮೇಲೆ ವಾರ್ಡಿನ ಮಕ್ಕಳು ಹಾಲಿಗೆ ಕಾಯುತ್ತಿರುತ್ತವೆ ಎಂದು ನೆನೆದು ಹಾಲಿನವನು ಕೆಳಗಿಳಿದ.

"ಇಳೀರಿ ಅತ್ತೆ, ತಳ್ಳಬೇಕು."

"ಶಕ್ತಿ ಜಾಸ್ತಿ ಆಯ್ತು ಅಂದ್ರಲ್ಲ, ಅಳಿಯಂದ್ರೇ?"

"ಆಗಿದೆ. ಅದಕ್ಕೇ ಇಬ್ಬರು ಬೇಕು."

ದೂರು ಹೋಯಿತು. ನಿರೀಕ್ಷಕರು ಖುದ್ದು ಏರಿಗೆ ಬಂದು, ಅಬ್ಬರಿಸುವ ಬೈಕನ್ನೂ ಅದನ್ನು ತಳ್ಳುವ ಇಬ್ಬರನ್ನೂ ಪರಿಶೀಲಿಸಿದರು. ಬೈಕಿನಲ್ಲಿ ದೋಷವಿಲ್ಲ ಎಂದರು. ಏರಿನಲ್ಲಿ ತಳ್ಳುವವರನ್ನು ಇಂಜಿನ್ನಿನ ಭಾಗವೆಂದೇ ಪರಿಗಣಿಸತಕ್ಕದ್ದು. ಭಾಗವೆಂದ ಮೇಲೆ ಅವರ ಶಕ್ತಿಯನ್ನೂ ಅಳೆಯತಕ್ಕದ್ದು.

"ನಿಮ್ಮ ಮನೆ ಹಾಳಾಗ!" ಅತ್ತೆ ಗುಡ್ಡ ಮಾರ್ದನಿಸುವಂತೆ ಕೂಗಿದರು. "ಬಿಸಿಲಿಗೆ ಹಾಲು ಒಡೀತಿದೆ, ಇವರು ಕಿವಿ ಕೊಟ್ಕೊಂಡು ನಿಂತಿದಾರೆ!"

ಅತ್ತೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಅವರ ಸೆರಗಿಗೆ ಬಿಲ್ಲೆ ಚುಚ್ಚಲಾಯಿತು.

ಹಾಲಿನವನ ಸರದಿ ಬಂತು. ತಳ್ಳಿ ತಳ್ಳಿ ಅವನಿಗೆ ಏದುಸಿರು ಬಿಟ್ಟರೆ ಬೇರೇನೂ ಹೊರಡಲಿಲ್ಲ. ನಿರೀಕ್ಷಕರು ಅವನ ಬಾಯಿಗೆ ಟಾರ್ಚು ಬಿಟ್ಟು ನೋಡಿದರು.

"ಇಲ್ಲೇ ನೋಡು ತೊಂದರೆ. ಮುಂದಿನ ಹಲ್ಲುಗಳು ಸದ್ದಿಗೆ ಅಡ್ಡ ಇವೆ."

"ಅತ್ತೆ, ನೀವಾದ್ರೂ ಹೇಳಿ!"

ಅತ್ತೆ ಬಿಲ್ಲೆಯನ್ನೊಮ್ಮೆ ನೆಟ್ಟಗೆ ಮಾಡಿಕೊಂಡರು. "ನಿಯಮ ಅಂದ್ಮೇಲೆ ನಿಯಮ, ಅಳಿಯಂದ್ರೇ. ದೊಡ್ಡವರು ಯೋಚನೆ ಮಾಡದೆ ಹೇಳ್ತಾರಾ?"

ಬಾಮೈದನ ಅಂಗಡಿಯಲ್ಲಿ ಆಗಲೇ ಬೈಕು ತಳ್ಳುವವರ ಉದ್ದನೆಯ ಸಾಲಿತ್ತು. ಸ್ಟೂಲಿನ ಮೇಲೆ ಕೂತ ಹಾಲಿನವನು ತನ್ನ ಹಲ್ಲುಗಳನ್ನು ನಾಲಿಗೆಯಿಂದ ಒಂದೊಂದಾಗಿ ಸವರಿದ. ಬಾಮೈದ ಇಕ್ಕಳವನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬೇಗ ಬಾಯಿ ತೆಗೀರಿ ಸ್ವಾಮಿ," ಹಿಂದಿದ್ದವನು ಗೊಣಗಿದ, "ನಮಗೂ ಶಕ್ತಿ ಬೇಕು."

ಕಾಯಿಸಿದ್ದಕ್ಕೆ ಕ್ಷಮೆ ಕೇಳಿ, ಹಾಲಿನವನು ಬಾಯಿ ತೆರೆದ.