ಗೋಲ್‌ಕೀಪರನಿಗೆ ಶಾಲು ಹೊದಿಸಿದ ಅಧ್ಯಕ್ಷರಿಗೆ

ಮಾನ್ವಿ ಮಿತ್ರ ಫುಟ್‌ಬಾಲ್ ಬಳಗದ ಗೌರವಾನ್ವಿತ ಅಧ್ಯಕ್ಷರೂ, ಸನ್ಮಾನಪ್ರಿಯರೂ, ಮೈಕು ಕಂಡಲ್ಲಿ ಎದ್ದು ನಿಲ್ಲುವವರೂ ಆದ ಶ್ರೀ ಪಂಪಾಪತಿಯವರ ಸನ್ನಿಧಾನಕ್ಕೆ, ಮೈದಾನದ ಬೇಲಿಗೆ ಆತುಕೊಂಡು ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿರುವ ಅಭಿಮಾನಿ ವಿಶಾಖಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂಬುದು ಸೋಮವಾರದ ಪತ್ರಿಕೆಯಲ್ಲಿ ಅಚ್ಚಾದ ತಮ್ಮ ನಗುಮುಖದ ಫೋಟೋದಿಂದ ತಿಳಿದು ಸಂತೋಷವಾಯಿತು. ನನ್ನ ವಿಷಯ ಹೇಳುವುದಾದರೆ, ರಾಯಚೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ನಾನು ಭಾನುವಾರದ ಪಂದ್ಯದಿಂದೀಚೆಗೆ ದನಿ ಬಿದ್ದುಹೋಗಿ ರೋಗಿಗಳನ್ನು ಕೈಸನ್ನೆಯಲ್ಲಿ ಕರೆಯುತ್ತಿದ್ದೇನೆ, ಮತ್ತು ನನ್ನ ಬಿ.ಪಿ. ನೋಡಿದ ಸಹೋದ್ಯೋಗಿಗಳು ನನ್ನನ್ನೇ ಕೂರಿಸಿ ನೀರು ಕುಡಿಸಿದ್ದಾರೆ.

ಕಳೆದ ಭಾನುವಾರ ನಮ್ಮ ಮೈದಾನದಲ್ಲಿ ದೇವದುರ್ಗದ ತಂಡದ ಎದುರು ಜಿಲ್ಲಾ ಲೀಗಿನ ಕೊನೆಯ ಪಂದ್ಯ ನಡೆಯಿತು ಎಂಬುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ, ಏಕೆಂದರೆ ಪಂದ್ಯ ನಡೆಯುವಾಗ ತಾವು ಅದಕ್ಕೆ ಬೆನ್ನು ಹಾಕಿ ವೇದಿಕೆಯ ಮೇಲೆ ಕುಳಿತಿದ್ದಿರಿ. ನಾವು ಗೆಲ್ಲಲೇಬೇಕೆಂದಿರಲಿಲ್ಲ. ಡ್ರಾ ಆದರೂ ಸಾಕಿತ್ತು, ಮಾನ್ವಿ ಮೊಟ್ಟಮೊದಲ ಬಾರಿಗೆ ಮೇಲಿನ ದರ್ಜೆಗೆ ಏರುತ್ತಿತ್ತು. ನಮ್ಮ ಗೋಲ್‌ಕೀಪರ್ ಬೀರೇಶನಿಗಂತೂ ಅದು ಬರೀ ದರ್ಜೆಯ ಪ್ರಶ್ನೆಯಾಗಿರಲಿಲ್ಲ. ನೀರಮಾನ್ವಿಯಲ್ಲಿ ಕುರಿ ಸಾಕುವ ಅವನ ತಂದೆ ಹನುಮಂತ್ರಾಯರು, ಈ ಸಲ ತಂಡ ಮೇಲೇರಿದರೆ ಮಗ ಇನ್ನೂ ಆಡಿಕೊಳ್ಳಲಿ, ಸೋತು ಬಂದರೆ ಬೂಟು ಬಿಚ್ಚಿಟ್ಟು ಕುರಿಗಳ ಹಿಂದೆ ಹೊರಡಲಿ ಎಂದು ಊರೆದುರೇ ಹೇಳಿದ್ದರು, ಮತ್ತು ಅವರು ಹೇಳಿದ್ದನ್ನು ಮಾಡುವವರೆಂಬುದು ತಮಗೂ ಚೆನ್ನಾಗಿ ಗೊತ್ತಿತ್ತು.

ಆಟ ಮುಗಿಯಲು ಐದಾರು ನಿಮಿಷ ಉಳಿದಿತ್ತು, ಎರಡೂ ಕಡೆ ಒಂದೂ ಗೋಲಾಗಿರಲಿಲ್ಲ, ಬೀರೇಶ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದ ಚೆಂಡನ್ನೆಲ್ಲ ಎದೆಗವಚಿಕೊಳ್ಳುತ್ತಿದ್ದ. ಅಷ್ಟರಲ್ಲಿ ತಮ್ಮ ಮುಖ್ಯ ಅತಿಥಿಗಳು ಗಿಲ್ಲೆಸುಗೂರಿನ ಮದುವೆಯೊಂದಕ್ಕೆ ಹೊರಡಬೇಕೆಂದು ವಾಚು ನೋಡಿಕೊಂಡರು. ಕೂಡಲೇ ತಾವು, ಸೀಸನ್ನಿನ ಉತ್ತಮ ಆಟಗಾರನ ಸನ್ಮಾನವು ಅವರ ಅಮೃತಹಸ್ತದಿಂದಲೇ ಆಗತಕ್ಕದ್ದೆಂದು ತೀರ್ಮಾನಿಸಿ, ಬೀರೇಶನನ್ನು ಆಟದಿಂದ ಹೊರಗೆ ಕರೆಸಲು ಅಪ್ಪಣೆ ಕೊಟ್ಟಿರಿ. ಕೋಚ್ ವಿರೂಪಣ್ಣ ಕೈಮುಗಿದು ಬೇಡಿಕೊಂಡಾಗ, ಮೈಕು ಬಂದ್ ಮಾಡುವುದನ್ನು ಮರೆತು ತಾವು ಆಡಿದ ಮಾತು ಇಡೀ ಮೈದಾನಕ್ಕೆ ಕೇಳಿಸಿತು: "ಐದು ನಿಮಿಷದಾಗ ಏನ್ ಮುಳುಗಿ ಹೋಗ್ತದ್ರೀ? ಸಾಹೇಬ್ರು ಹೋದ್ರ ಮತ್ತ ಸಿಗಂಗಿಲ್ಲ. ಕರೀರಿ ಅವನ್ನ!" ಸಾಹೇಬರು ಮತ್ತೆ ಸಿಗುವುದಿಲ್ಲ, ಸೀಸನ್ ಬೇಕಾದಾಗ ಸಿಗುತ್ತದೆ ಎಂಬ ತಮ್ಮ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ.

ಬದಲಿ ಗೋಲ್‌ಕೀಪರ್ ಮಲ್ಲೇಶನ ಮೇಲೆ ನನ್ನ ದೂರಿಲ್ಲ. ಅವನನ್ನು ತಾವು ಮಧ್ಯಾಹ್ನದಿಂದ ವೇದಿಕೆಯ ಬಳಿ ಹಾರದ ತಟ್ಟೆ ಹಿಡಿಸಿ ನಿಲ್ಲಿಸಿದ್ದಿರಿ. ಪಾಪ, ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು, ಬೆರಳಿಗಂಟಿದ ಕುಂಕುಮ ಒರೆಸಿಕೊಳ್ಳುತ್ತ ಹೋಗಿ ಬರಿಗೈಯಲ್ಲಿ ಗೋಲಿನೊಳಗೆ ನಿಂತ. ಬರಿಗೈ ಏಕೆಂದರೆ ಬಳಗಕ್ಕಿರುವ ಒಂದೇ ಜೊತೆ ಗ್ಲೌಸು ಬೀರೇಶನ ಕೈಯಲ್ಲಿತ್ತು, ಅದನ್ನು ಬಿಚ್ಚುವಷ್ಟೂ ಪುರುಸೊತ್ತು ಕೊಡದೆ ಅವನನ್ನು ತಾವು ಮೆಟ್ಟಿಲು ಹತ್ತಿಸಿದ್ದಿರಿ. ಹೀಗೆ ಮಾನ್ವಿಯ ಗೋಲ್‌ಕೀಪರನು ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಸೇವಂತಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು, ಗ್ಲೌಸಿನ ಕೈಗಳನ್ನು ಜೋಡಿಸಿ ಕುಳಿತಿರಲು, ಮುಖ್ಯ ಅತಿಥಿಗಳು ಈ ಹುಡುಗನನ್ನು ದಾಟಿ ನೊಣವೂ ಗೋಲಿನೊಳಗೆ ಹೋಗಲಾರದೆಂದು ಹೊಗಳುತ್ತಿರಲು, ದೇವದುರ್ಗದವರು ಗೋಲು ಹೊಡೆದರು. ಅದೇನು ಅಂಥ ಹೊಡೆತವೂ ಆಗಿರಲಿಲ್ಲ. ಬೀರೇಶ ಅಲ್ಲಿದ್ದಿದ್ದರೆ ಒಂದು ಕೈಯಲ್ಲಿ ಅದನ್ನು ತಡೆದು ಇನ್ನೊಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

ಹಣ್ಣು ಚೆಲ್ಲಾಪಿಲ್ಲಿಯಾಗಿ, ಪೇಟ ಕಣ್ಣಿಗೆ ಜಾರಿ, ವೇದಿಕೆಯಿಂದ ಧುಮುಕಿ ಅವನು ಮೈದಾನಕ್ಕೆ ಓಡಿಬಂದಾಗ, ರಾಯಚೂರಿನಿಂದ ಬಂದಿದ್ದ ರೆಫರಿ ಸಮೀಉಲ್ಲಾ ಅವರು ಅವನ ಭುಜ ಹಿಡಿದು ನಿಲ್ಲಿಸಿ, "ಬ್ಯಾಡಪ್ಪಾ, ಒಮ್ಮಿ ಹೊರಗ ಹೋದಾವ ಮತ್ತ ಒಳಗ ಬರಾಕ ಬರಂಗಿಲ್ಲ" ಎಂದು ಮೆಲ್ಲಗೆ ಹೇಳಿದ್ದನ್ನು ಬೇಲಿಯ ಬಳಿಯಿದ್ದ ನಾನು ಕಿವಿಯಾರೆ ಕೇಳಿದೆ. ಬೀರೇಶ ಗೆರೆಯಾಚೆ ಕುಕ್ಕರಿಸಿ ಗ್ಲೌಸಿನಲ್ಲೇ ಮುಖ ಮುಚ್ಚಿಕೊಂಡ. ನನಗೆ ಅಳು ಬಂತು ಮಾನ್ಯರೇ. ಆಮೇಲೆ ತಮ್ಮತ್ತ ನೋಡಿದೆ, ಅಳು ನಿಂತು ಹೊಟ್ಟೆ ಉರಿಯಿತು. ಏಕೆಂದರೆ ತಾವು ವೇದಿಕೆಯಿಂದಲೇ, ಸನ್ಮಾನ ನಡೆಯುವಾಗ ಹೊಡೆದ ಗೋಲು ಅತಿಥಿಗಳಿಗೆ ಮಾಡಿದ ಅಗೌರವವಾದ್ದರಿಂದ ಅದು ಲೆಕ್ಕಕ್ಕಿಲ್ಲವೆಂದು ರೆಫರಿಯವರೊಡನೆ ವಾದಕ್ಕಿಳಿದಿದ್ದಿರಿ. ಇಂಥ ನಿಯಮ ಜಗತ್ತಿನ ಯಾವ ಫುಟ್‌ಬಾಲ್ ಪಂಡಿತರಿಗೂ ಈವರೆಗೆ ಹೊಳೆದಿರಲಿಕ್ಕಿಲ್ಲ. ಕೊನೆಯ ಸೀಟಿ ಮೊಳಗಿ ನಾವು ಸೋತ ಮೇಲೂ ತಾವು ಧೃತಿಗೆಡದೆ ವಂದನಾರ್ಪಣೆ ಮಾಡಿ, ಶಾಮಿಯಾನದವರನ್ನೂ ಚಹಾದವರನ್ನೂ ಹೆಸರು ಹಿಡಿದು ನೆನೆದಿರಿ, ಆಡಿದ ಹುಡುಗರನ್ನು ಮಾತ್ರ ಮರೆತಿರಿ.

ಆದಕಾರಣ ಮುಂದಿನ ಸೀಸನ್ನಿಗಾಗಿ ಕೆಲವು ವಿನಂತಿಗಳನ್ನು ತಮ್ಮ ಪಾದದಲ್ಲಿಡುತ್ತಿದ್ದೇನೆ. ದಯಮಾಡಿ ವೇದಿಕೆಯನ್ನು ನಮ್ಮ ಗೋಲಿನ ಕಂಬಗಳ ನಡುವೆಯೇ ಹಾಕಿಸಿರಿ. ತಾವೂ ಅತಿಥಿಗಳೂ ಒತ್ತೊತ್ತಾಗಿ ಕುಳಿತರೆ ಚೆಂಡಿಗೆ ನುಸುಳಲು ಸಂದಿರದು, ತಂಡಕ್ಕೆ ತಮ್ಮಿಂದಾದ ಮೊದಲ ಉಪಕಾರವೂ ಅದೇ ಆದೀತು. ಎದುರಾಳಿಗಳಿಗೆ ಮುಂಚಿತವಾಗಿಯೇ ಆಮಂತ್ರಣ ಪತ್ರಿಕೆ ಕಳಿಸಿ, ಸ್ವಾಗತ ಭಾಷಣದಿಂದ ವಂದನಾರ್ಪಣೆಯವರೆಗೆ ಯಾರೂ ಚೆಂಡನ್ನು ಒದೆಯಕೂಡದೆಂದು ತಾಕೀತು ಮಾಡಿರಿ. ಜಿಲ್ಲೆಯಲ್ಲಿ ಯಾರೂ ಸೀಸನ್ ಮುಗಿಯುವ ಮುನ್ನ ಮದುವೆಯಾಗದಂತೆ ನೋಡಿಕೊಳ್ಳಿರಿ. ಇದಾವುದೂ ಆಗದ ಪಕ್ಷದಲ್ಲಿ ಗೋಲು ಹೊಡೆದ ದೇವದುರ್ಗದ ಆ ಹುಡುಗನನ್ನು ಕರೆಸಿ ಅವನ ಕೈಯಿಂದ ತಾವೇ ಒಂದು ಶಾಲು ಹೊದಿಸಿಕೊಳ್ಳಿರಿ, ಆ ಗೋಲಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಶ್ರಮ ತಮ್ಮದೇ.

ವಿಶ್ವಾಸವೆಂಬುದು ಇನ್ನೂ ಉಳಿದಿರುವುದಾದರೆ, ತಮ್ಮ ವಿಶ್ವಾಸಿ,
ವಿಶಾಖಾ, ಮಾನ್ವಿ

ತಾ.ಕ.: ದೇವದುರ್ಗದ ಕೋಚ್ ನಿನ್ನೆ ನೀರಮಾನ್ವಿಗೆ ಹೋಗಿ, ಹನುಮಂತ್ರಾಯರ ಎದುರು ಚಾಪೆಯ ಮೇಲೆ ಕುಳಿತು, ಬೀರೇಶನನ್ನು ದೇವದುರ್ಗಕ್ಕೆ ಕೊಡಿರೆಂದು ಕೇಳಿದರಂತೆ. "ನನ್ ಮಗ ಸೋತು ಬಂದಿಲ್ರೀ, ಗೋಲ್ ಬಿದ್ದಾಗ ಅಂವ ಅಲ್ಲಿ ಇರ್ಲೇ ಇಲ್ಲ. ಕರ್ಕೊಂಡು ಹೋಗ್ರಿ, ಆಡ್ಲಿ" ಎಂದರಂತೆ ಹಿರಿಯರು. ರಾಜ್ಯೋತ್ಸವದ ದಿನ ಎರಡೂ ಊರಿನ ಸೌಹಾರ್ದ ಪಂದ್ಯ ಎಂದಿನಂತೆ ನಮ್ಮ ಮೈದಾನದಲ್ಲೇ ಇದೆಯಲ್ಲ, ಅಂದು ನಾನು ಬೀರೇಶನ ಗೋಲಿನ ಹಿಂದೆ ನಿಂತು ದೇವದುರ್ಗಕ್ಕೆ ಜೈಕಾರ ಹಾಕುತ್ತಿರುತ್ತೇನೆ. ತಾವು ಮುಖ್ಯ ಅತಿಥಿಗಳನ್ನು ಮರೆಯದೆ ಕರೆಸಿ, ಆಟ ಮುಗಿಯಲು ಐದು ನಿಮಿಷವಿರುವಾಗ, ಇನ್ನು ಮಾನ್ವಿಯ ಗೋಲು ಕಾಯಲಿರುವ ಮಲ್ಲೇಶನನ್ನು ವೇದಿಕೆಗೆ ಕರೆಸಿ ಸನ್ಮಾನಿಸಬೇಕಾಗಿ ಪ್ರಾರ್ಥನೆ.