ಬಾಯಿ ಮುಚ್ಚಿಕೊಂಡು ನೋಡಿದ ಕೊರಿಯನ್ ಸಿನಿಮಾ

ಸಿನಿಮಾ ನೋಡುವಾಗ ಸುಮ್ಮನಿರಲು ನನಗೆ ಬರುವುದಿಲ್ಲ. ಧಾರವಾಡದ ಟಾಕೀಸಿನಲ್ಲಿ ಖಳನಾಯಕ ಹಿಂದಿನಿಂದ ಬಂದರೆ ಇಡೀ ಬಾಲ್ಕನಿ ಕೂಗಿ ನಾಯಕನನ್ನು ಎಚ್ಚರಿಸುತ್ತಿತ್ತು. ಆ ಸಮಾಜಸೇವೆಯಲ್ಲಿ ಬೆಳೆದವನು ನಾನು. ಆದರೆ ಡುಲುತ್‌ನ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮಗಳು ಅನ್ವಿತಾ ಕೊರಿಯನ್ ಸಿನಿಮಾ ಹಾಕುತ್ತಿದ್ದಳು. ಪಕ್ಕದಲ್ಲಿ ಕೂರಲು ಒಂದೇ ಷರತ್ತು: "ಅಪ್ಪಾ, ನೋ ಕಾಮೆಂಟರಿ." ಆಗಸ್ಟಿಗೆ ಅವಳು ನಾರ್ತ್ ಕೆರೊಲಿನಾದ ಕಾಲೇಜಿಗೆ ಹೊರಡುವವಳಿದ್ದಳು. ಅವಳು ನನಗೆ ಸಿಗುತ್ತಿದ್ದುದೇ ಆ ಎರಡು ತಾಸು. ಒಪ್ಪಿಕೊಂಡೆ.

ಮೊದಲ ವಾರವೇ ಎಡವಿದೆ. ತೆರೆಯ ಮೇಲೆ ಅಪ್ಪ, ಮಗ ಎದುರುಬದುರು ಕೂತು ಉಣ್ಣುತ್ತಿದ್ದರು. ಮಾತಿಲ್ಲ, ಸಂಗೀತವಿಲ್ಲ. ವೈಫೈ ಕೈಕೊಟ್ಟಿತೆಂದು ನಾನು ಎದ್ದು ಹೋಗಿ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಸಿನಿಮಾ ಆಗ ನಿಜವಾಗಿಯೂ ನಿಂತಿತು. ನಮ್ಮ ಕಡೆ ಊಟಕ್ಕೆ ಕೂತವರು ಮಾತಾಡದಿದ್ದರೆ ಆಸ್ತಿ ಪಾಲಾಗುತ್ತಿದೆ ಎಂದೇ ಅರ್ಥ ಎಂದು ಸಮಜಾಯಿಷಿ ಕೊಟ್ಟೆ. ಮಗಳು ಸಿನಿಮಾವನ್ನು ಮತ್ತೆ ಮೊದಲಿನಿಂದ ಹಾಕಿದಳು.

ಇನ್ನೊಂದು ಸಿನಿಮಾದಲ್ಲಿ ಎಷ್ಟೋ ವರ್ಷದ ಮೇಲೆ ಮಗ ಮನೆಗೆ ಬರುತ್ತಾನೆ. ತಾಯಿ ಪೇರ್ ಹಣ್ಣಿನ ಸಿಪ್ಪೆ ತೆಗೆದು ಹೋಳು ಮಾಡಿ ಕೊಡುತ್ತಾಳೆ. "ಇಷ್ಟು ದಿನ ಎಲ್ಲಿದ್ದಿ ಅಂತ ಕೇಳಬಾರದೇನು ಆಕಿ?" ಎಂದುಬಿಟ್ಟೆ. ಅನ್ವಿತಾ ಸಿನಿಮಾ ನಿಲ್ಲಿಸಿದಳು. "ಶೀ ವೋಂಟ್ ಆಸ್ಕ್, ಅಪ್ಪಾ. ಅವಳ ಕೈ ನೋಡು." ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ತೋರಿಸಿದಳು. ಮಗ ತಿನ್ನುವುದು ನಿಲ್ಲಿಸಿದ್ದಾನೆ, ತಟ್ಟೆ ತುಂಬಿದೆ, ಆದರೂ ತಾಯಿಯ ಕೈ ಸಿಪ್ಪೆ ತೆಗೆಯುತ್ತಲೇ ಇದೆ. ಹಣ್ಣು ಮುಗಿದರೆ ಅವನು ಎದ್ದು ಹೋಗುತ್ತಾನಲ್ಲ! ನಾನು ಕಣ್ಣೊರೆಸಿಕೊಂಡೆ. ಗಂಟೆ ಬಾರಿಸಿ ದೇವರನ್ನು ಬೈಯುವ ನಾಯಕಿಯರ ಎದುರು ನಿಶ್ಚಿಂತೆಯಿಂದ ಶೇಂಗಾ ತಿಂದವನಿಗೆ ಇದೇನಾಯಿತು? ಹತ್ತಿರದ ಕೊರಿಯನ್ ಅಂಗಡಿಯಿಂದ ಅದೇ ಹಣ್ಣನ್ನು ಎಷ್ಟೋ ಸಲ ತಂದಿದ್ದೇನೆ. ಅದರಲ್ಲಿ ಇಷ್ಟು ಸಂಕಟವಿದೆ ಎಂದು ಗೊತ್ತಿರಲಿಲ್ಲ. "ಇನ್ನೊಂದ್ಸಲ ಹಾಕವಾ" ಎಂದೆ.

ಆಗಸ್ಟಿನಲ್ಲಿ ಹೆಂಡತಿಯೊಂದಿಗೆ ಅವಳನ್ನು ಕಾಲೇಜಿನ ಡಾರ್ಮಿಗೆ ಬಿಡಲು ಹೋದಾಗ ನಾನೂ ಆ ತಾಯಿಯ ಹಾಗೆಯೇ ಇರಬೇಕೆಂದು ನಿಶ್ಚಯಿಸಿದೆ. ಮಾತಾಡದೆ ಚಟ್ನಿಪುಡಿ ಡಬ್ಬಿಗಳನ್ನು ಶೆಲ್ಫಿನಲ್ಲಿ ಜೋಡಿಸಿದೆ, ತೆಗೆದು ಮತ್ತೆ ಜೋಡಿಸಿದೆ. ಅನ್ವಿತಾಳ ಕಣ್ಣು ತುಂಬಿತು. "ಅಪ್ಪಾ, ಪ್ಲೀಸ್, ಏನಾದ್ರೂ ಹೇಳು. ಯು ಆರ್ ಸ್ಕೇರಿಂಗ್ ಮೀ!" ತಲೆ ಸವರಿ ಹೊರಗೆ ಬಂದೆ.

ಮನೆಗೆ ಮರಳುವಾಗ ಕಾರಿನಲ್ಲಿಯೂ ಮೌನ. ಸೌತ್ ಕೆರೊಲಿನಾ ದಾಟುವ ಹೊತ್ತಿಗೆ ಹೆಂಡತಿಗೆ ತಡೆಯಲಾಗಲಿಲ್ಲ. "ಅಳು ಬಂದ್ರ ಅತ್ತಬಿಡ್ರಿ. ಸುಮ್ಮನ ಕುಂದ್ರೂದು ನಿಮಗ ಒಗ್ಗೂದಿಲ್ಲ" ಎಂದಳು. ಕಾರು ನಿಲ್ಲಿಸಿ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದೆ, ಅತ್ತುಬಿಟ್ಟೆ: ಧಾರವಾಡದವರು ಅಳುವ ಹಾಗೆ, ಪೂರ್ತಿ ಕಾಮೆಂಟರಿ ಸಮೇತ.