ತಿಕೋಟಾದ ಟರ್ಬೋ ಗಾಡಿ

ವಿಜಯಪುರದಲ್ಲಿ ಗ್ಯಾರೇಜು ಇಟ್ಟು ಮೂವತ್ತು ವರ್ಷವಾಯಿತು. ದಿನಾ ಬೆಳಿಗ್ಗೆ ಶಟರ್ ಎತ್ತುವಾಗ, ಇವತ್ತಾದರೂ ಆಯಿಲ್ ಬದಲಿಸುವ, ಫ್ಯಾನ್ ಬೆಲ್ಟ್ ಹಾಕುವ ಸಾದಾ ಕೆಲಸ ಬರಲಿ ಎಂದುಕೊಳ್ಳುತ್ತೇನೆ. ಬರುವುದು ಮಾತ್ರ ಬೇರೆಯೇ. ಇಂಥವೆಲ್ಲ ನನ್ನ ಬಾಗಿಲನ್ನೇ ಹುಡುಕಿಕೊಂಡು ಯಾಕೆ ಬರುತ್ತವೋ, ಕೇಳಿ ಕೇಳಿ ನನಗೂ ಸಾಕಾಗಿದೆ. ಹೋದ ವರ್ಷದ ಒಂದು ಗಾಡಿಯ ಕಥೆ ಹೇಳುತ್ತೇನೆ, ನೀವೇ ನೋಡಿ.

೧. ಟ್ರ್ಯಾಲಿಯ ಮೇಲೆ

ಸಂಕ್ರಮಣ ಮುಗಿದ ವಾರ. ತಿಕೋಟಾದಿಂದ ಒಂದು ಟ್ರ್ಯಾಕ್ಟರ್ ಬಂದು ಗ್ಯಾರೇಜಿನ ಮುಂದೆ ನಿಂತಿತು. ಟ್ರ್ಯಾಲಿಯಲ್ಲಿ ತಾಡಪತ್ರಿ ಹೊದಿಸಿ ಹಗ್ಗ ಬಿಗಿದ ಏನೋ ಒಂದು. ಬಿಚ್ಚಿದರೆ ಕೆಂಪು ಬಣ್ಣದ, ಎರಡೇ ಬಾಗಿಲಿನ ಜಪಾನಿ ಸ್ಪೋರ್ಟ್ಸ್ ಕಾರು. ಅದೂ ಟರ್ಬೋ ಇದ್ದದ್ದು. ಟರ್ಬೋ ಎಂದರೆ ಹೊರಗೆ ಹೋಗುವ ಹೊಗೆಯ ರಭಸಕ್ಕೇ ತಿರುಗಿ, ಇಂಜಿನ್ನಿನೊಳಗೆ ಇನ್ನಷ್ಟು ಗಾಳಿ ಒತ್ತುವ ಒಂದು ಸಣ್ಣ ಚಕ್ರ. ಗಾಡಿಗೆ ಮೈಮೇಲೆ ಬಂದ ಹಾಗೆ ಆಗುವುದು ಅದರಿಂದಲೇ.

ಮಾಲಕರು ದ್ರಾಕ್ಷಿ ಬೆಳೆಗಾರರು, ವಯಸ್ಸು ನಲವತ್ತರ ಆಚೀಚೆ. ಮದುವೆಗೆ ಮೊದಲು ಪುಣೆಯಲ್ಲಿ ಕೊಂಡು ಒಂದು ವರ್ಷ ಓಡಿಸಿದ್ದರಂತೆ. ಆಮೇಲೆ ಮದುವೆ, ಮಕ್ಕಳು, ತೋಟ. ಗಾಡಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕೂತಿತ್ತು. ಅವರು ಜೇಬಿನಿಂದ ಒಂದು ಚೀಟಿ ತೆಗೆದರು.

"ಬರಕೋರಿ ಕಾಕಾ. ದೊಡ್ಡ ಟರ್ಬೋ. ದೊಡ್ಡ ಸೈಲೆನ್ಸರ್. ಇಂಜಿನ್ನಿನ ಕಂಪ್ಯೂಟರ್ ಹೊಸಾದು. ಹಿಂದ ಡಿಕ್ಕಿ ಮ್ಯಾಲ ಒಂದ ರೆಕ್ಕಿ."

"ಅದೆಲ್ಲಾ ಆಮ್ಯಾಗ ಸಾವ್ಕಾರ್ರ. ಮೊದಲ ಗಾಡಿ ಚಾಲೂ ಆಗಬೇಕಲ್ಲ?"

ಆಗ ಅವರ ಮುಖ ಸಣ್ಣದಾಯಿತು. ಮನೆಯಾಕೆ ಒಂದು ಮಾತು ಹೇಳಿದ್ದರಂತೆ. ದ್ರಾಕ್ಷಿ ಒಣಗಿಸುವ ಹಂಗಾಮು ಬಂತು, ಶೆಡ್ಡಿನ ಜಾಗ ಬೇಕು. ಅಷ್ಟರೊಳಗೆ ಗಾಡಿ ತಾನೇ ನಡೆದು ಬಂದರೆ ಅಂಗಳದಲ್ಲಿ ಜಾಗ, ಎಳೆದುಕೊಂಡು ಬಂದರೆ ಸೀದಾ ಗುಜರಿ. ಗುಜರಿಯವನ ನಂಬರನ್ನು ಆಕೆ ಫೋನಿನಲ್ಲಿ ಇಟ್ಟುಕೊಂಡೂ ಆಗಿತ್ತು.

"ಖರೇ ಹೇಳ್ರಿ, ಏನೇನ ಕೆಟ್ಟೈತಿ?" ಎಂದೆ.

"ಭಾಳ ಏನಿಲ್ರಿ ಕಾಕಾ. ಗಾಲಿ ತಿರಗವಲ್ವು, ಇಂಜಿನ್ ಚಾಲೂ ಆಗವಲ್ದು. ಉಳದಿದ್ದೆಲ್ಲಾ ಏ-ವನ್ ಐತಿ."

೨. ಬಿಡಾರ

ನನ್ನ ಪಕ್ಕದ ಅಂಗಡಿ ಚಾಚಾನದು. ಗಾಡಿಗಳ ವಾಯರಿಂಗ್ ಕೆಲಸದಲ್ಲಿ ಅವನನ್ನು ಮೀರಿಸುವವರು ಊರಲ್ಲಿಲ್ಲ. ಅರವತ್ತೈದು ದಾಟಿದೆ. ಮಾತು ಕಡಿಮೆ, ಆಡಿದರೆ ಒಂದೇ ಏಟು.

ಇಬ್ಬರೂ ಸೇರಿ ಟ್ಯಾಂಕ್ ಇಳಿಸಿದೆವು. ಹನ್ನೊಂದು ವರ್ಷದ ಪೆಟ್ರೋಲು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು, ವಾರ್ನಿಶಿನ ವಾಸನೆ. ವಾಯರಿಂಗ್ ಅರ್ಧಕ್ಕರ್ಧ ಇಲಿ ಕಡಿದಿತ್ತು. ಗಾಳಿಯ ಫಿಲ್ಟರಿನ ಡಬ್ಬಿ ತೆಗೆದಾಗ ಇಲಿಗಳ ಬಿಡಾರವೇ ಸಿಕ್ಕಿತು. ಹತ್ತಿ, ನಾರು, ಹರಿದ ಚೀಲ, ಅದರ ನಡುವೆ ಎರಡು ಬೊಗಸೆಯಷ್ಟು ಒಣದ್ರಾಕ್ಷಿ. ನಾನು ಸೊಂಟ ಹಿಡಿದುಕೊಂಡು ಅಲ್ಲೇ ಕುಳಿತೆ. ಈ ಕೆಲಸ ಒಪ್ಪಿಕೊಳ್ಳಬಾರದಿತ್ತು ಎಂದು ಅವತ್ತು ಮೊದಲ ಸಲ ಅನ್ನಿಸಿತು. ಮುಂದೆ ದಿನಾ ಅನ್ನಿಸಿತು.

ಕೆಲಸ ನೋಡಲು ಬಂದಿದ್ದ ಮಾಲಕರು ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದರು, ಹಿಚುಕಿದರು, ಮೂಸಿದರು. ಗಾಡಿಯ ಚಿಂತೆ ಎಲ್ಲಿ ಹೋಯಿತೋ.

"ಇದು ನಮ್ಮ ಮಾಲ ಅಲ್ರಿ," ಎಂದರು ಖಡಾಖಂಡಿತವಾಗಿ. "ನಮ್ಮ ಮಾಲು ಇಷ್ಟ ಕರ್ರಗ ಆಗೂದ ಇಲ್ಲ. ಇದು ಬಾಜೂ ತ್ವಾಟದವರದು."

ಚಾಚಾ ಕಡಿದ ವಾಯರಿನಿಂದ ತಲೆ ಎತ್ತದೆ ಹೇಳಿದ. "ಹಂಗಾದ್ರ ಇಲಿ ಅಷ್ಟ ನಿಮ್ಮವು."

೩. ಬೋರು ಎಷ್ಟು?

ನಾಲ್ಕು ಸಿಲಿಂಡರಿನಲ್ಲಿ ಎರಡಕ್ಕೆ ಒತ್ತಡವೇ ಇರಲಿಲ್ಲ. ಬಿಚ್ಚಿದರೆ ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳ ಬಾಯಿಗೆ ಸೋರದಂತೆ ಕೂಡಿಸುವ ತೆಳು ಹಾಳೆ, ಸುಟ್ಟಿತ್ತು. ಸ್ಟೇಷನ್ ರಸ್ತೆಯ ಅಂಗಡಿಗಳನ್ನೆಲ್ಲ ಬಿಸಿಲಲ್ಲಿ ತಿರುಗಿದೆ. ಗಾಡಿಯ ಹೆಸರು ಹೇಳಿದರೆ ಒಬ್ಬ ನಕ್ಕ, ಒಬ್ಬ ನೀರು ಕೊಟ್ಟ. ಗಾಂಧಿ ಚೌಕದ ಒಳಗಿನ ಗಲ್ಲಿಯಲ್ಲಿ ಒಂದು ಹಳೆಯ ಅಂಗಡಿ ಇದೆ, ಅಲ್ಲಿ ಸಿಗದ ಸಾಮಾನಿಲ್ಲ ಎಂದು ಯಾರೋ ಹೇಳಿದರು. ಆಟೋಗಳ ನಡುವೆ ನುಸುಳಿ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಕನ್ನಡಕ ಹಾಕಿದ ಹಿರಿಯರು ಕೂತಿದ್ದರು.

"ಗ್ಯಾಸ್ಕೆಟ್ ಬೇಕಾಗಿತ್ರಿ. ಟರ್ಬೋ ಇದ್ದದ್ದು."

"ಟರ್ಬೋ ಕಂಪನೀದೇನು? ಹೊಸಾ ಕಂಪನಿ ಇರಬೇಕು. ಇರಲಿ, ತರಸೂಣು. ಬೋರು ಎಷ್ಟೈತಿ?"

ಕೆಲಸ ಗೊತ್ತಿರುವ ಮನುಷ್ಯ ಸಿಕ್ಕನಲ್ಲ ಎಂದು ನನಗೆ ಜೀವ ಬಂತು. ಗ್ಯಾಸ್ಕೆಟ್ ಕೇಳಿದರೆ ಸಿಲಿಂಡರಿನ ಬೋರು, ಅಂದರೆ ಒಳಗಿನ ಅಗಲ, ಕೇಳುವುದು ಸರಿಯಾದ ಕ್ರಮ.

"ಎಂಬತ್ತಾರು ಮಿಲಿಮೀಟರ್ ರೀ."

ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. ಬೆರಳಿನಿಂದ ಗಾಳಿಯಲ್ಲಿ ಅಳತೆ ಮಾಡಿದರು.

"ಅಂದ್ರ ಮೂರೂವರಿ ಇಂಚೂ ಇಲ್ಲ. ಎಷ್ಟ ಕೊಳವಿ ಇಳಿಸೀರಿ?"

ಆಗ ನಾನು ತಲೆ ಎತ್ತಿ ಸುತ್ತ ನೋಡಿದೆ. ಗೋಡೆಯ ತುಂಬ ನೀರಿನ ಪಂಪು, ಪೈಪು, ಮೋಟರು. ಅಂಗಡಿ ಕೈ ಬದಲಾಗಿ ಯಾವ ಕಾಲವಾಗಿತ್ತೋ. ನಾನು ಬಾಯಿ ತೆರೆಯುವುದರೊಳಗೆ ಅವರು ಮರುಗಿ ಹೇಳಿಯೇ ಬಿಟ್ಟರು. "ನಿಮಗ ಯಾರೋ ಮೋಸಾ ಮಾಡ್ಯಾರ ತಮ್ಮಾ. ಇಷ್ಟ ಸಣ್ಣ ಬೋರಿಗೆ ಟರ್ಬೋ ಅಲ್ಲ, ಏನ ಹಾಕಿದ್ರೂ ನೀರು ಬರೂದಿಲ್ಲ."

೪. ಲೋಬಾನ

ಗ್ಯಾಸ್ಕೆಟ್ ಪುಣೆಯಿಂದ ತರಿಸಿ ಕೂಡಿಸಿದೆ. ಇನ್ನು ಟರ್ಬೋದ ರಬ್ಬರ್ ಪೈಪುಗಳು. ಹಳೆಯದಾದರೆ ಎಲ್ಲೋ ಕೂದಲೆಳೆಯಷ್ಟು ಸೀಳಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಗಾಳಿಯೆಲ್ಲ ಅಲ್ಲೇ ಸೋರುತ್ತದೆ. ಒಳಗೆ ಹೊಗೆ ತುಂಬಿ ನೋಡಬೇಕು. ಅದಕ್ಕೊಂದು ಮಷಿನ್ ಬರುತ್ತದೆ, ನಮ್ಮಲ್ಲಿ ಎಲ್ಲಿಂದ ಬರಬೇಕು? ಚಾಚಾ ಮನೆಗೆ ಹೋಗಿ, ದರ್ಗಾದಲ್ಲಿ ಧೂಪ ಹಾಕುವ ಲೋಬಾನ ತಂದ. ಒಂದು ಡಬ್ಬಿಯಲ್ಲಿ ಕೆಂಡ ಹಾಕಿ, ಮೇಲೆ ಲೋಬಾನ ಉದುರಿಸಿ, ಸೈಕಲ್ ಪಂಪಿನಿಂದ ಹೊಗೆಯನ್ನು ಇಂಜಿನ್ನಿನೊಳಗೆ ನೂಕತೊಡಗಿದೆವು. ಬಾನೆಟ್ಟಿನೊಳಗಿಂದ ಪರಿಮಳದ ಹೊಗೆ ಎದ್ದಿತು. ಎಲ್ಲಿಂದ ಬರುತ್ತಿದೆ ಎಂದು ಚಾಚಾ ಬಗ್ಗಿ ಬಗ್ಗಿ ನೋಡುತ್ತ, ಬಾಯಲ್ಲೇ ಏನೋ ಗೊಣಗುತ್ತ ಗಾಡಿಯ ಸುತ್ತ ತಿರುಗುತ್ತಿದ್ದ.

ಅದೇ ಹೊತ್ತಿಗೆ ಮಾಲಕರು ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ದವಾಖಾನೆಗೆ ಬಂದವರು, ಹಾಗೇ ಮಗನ ಗಾಡಿ ನೋಡಿ ಹೋಗೋಣ ಎಂದು. ಮುದುಕಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕೈ ಮುಗಿದು ನಿಂತರು.

ಚಾಚಾ ಗಾಬರಿಯಾದ. "ಯವ್ವಾ, ಇದು ಅದಲ್ಲ. ಎಲ್ಲಿ ಸೋರ್ತೈತಿ ಅಂತ ನೋಡಾಕತ್ತೇವಿ."

ಮುದುಕಿ ಮಗನ ರಟ್ಟೆ ಹಿಡಿದು ಮುಂದಕ್ಕೆ ನೂಕಿದರು.

"ಹಂಗಾದ್ರ ಇವಂಗೂ ಒಂದೀಟ ಹಿಡೀ ಯಪ್ಪಾ. ಹನ್ನೊಂದ ವರ್ಷಾತು, ಎಷ್ಟ ಬುದ್ಧಿ ತುಂಬಿದ್ರೂ ನಿಂದ್ರವಲ್ದು."

೫. ದನಿ

ಒಪ್ಪಿಕೊಳ್ಳಬಾರದಿತ್ತು ಎಂದು ದಿನಾ ಅನ್ನಿಸಿತು ಎಂದೆನಲ್ಲ, ಕೆಲಸ ಬಿಡುವ ಹಂತಕ್ಕೂ ಬಂದಿದ್ದೆ. ಬಿಡಲಿಲ್ಲ. ಮಾಲಕರು ಮೂರು ದಿನಕ್ಕೊಮ್ಮೆ ಬಂದು, ಸತ್ತ ಗಾಡಿಯೊಳಗೆ ಕೂತು, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ಗೋಡೆ ನೋಡುತ್ತಿದ್ದರು. "ಇದರಾಗ ಕುಂತಾಗ ಯಾರೂ ನನಗ ಏನೂ ಕೇಳೂದಿಲ್ರಿ ಕಾಕಾ," ಎಂದಿದ್ದರು ಒಮ್ಮೆ. ಅಂಥ ಮನುಷ್ಯನಿಗೆ ಗಾಡಿ ವಾಪಸು ಒಯ್ಯಿರಿ ಎನ್ನಲು ಬಾಯಿ ಬರಲಿಲ್ಲ.

ಸೋರುವ ಪೈಪು, ಕಡಿದ ವಾಯರು ಎಲ್ಲ ಬದಲಿಸಿ, ಕೊನೆಗೆ ಒಂದು ದಿನ ಮಧ್ಯಾಹ್ನ ಚಾವಿ ತಿರುಗಿಸಿದೆ. ಕೆಮ್ಮಿತು. ಮತ್ತೆ ತಿರುಗಿಸಿದೆ. ಒಂದು ಸಿಲಿಂಡರ್ ಹಿಡಿಯಿತು, ಎರಡು ಹಿಡಿದವು, ಆಮೇಲೆ ನಾಲ್ಕೂ ಹಿಡಿದು ಗಾಡಿ ಎಂಥಾ ಗರ್ಜನೆ ಮಾಡಿತೆಂದರೆ ತಗಡಿನ ಮಾಡು ಅದುರಿತು, ಎದುರಿನ ಹೋಟೆಲಿನವರು ಚಹಾ ಬಿಟ್ಟು ಹೊರಗೆ ಬಂದರು. ಪಕ್ಕದಲ್ಲೇ ನಿಂತಿದ್ದ ಮಾಲಕರ ಕಣ್ಣಲ್ಲಿ ನೀರು. ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಕೂಗಿದರು.

"ಏನ್ ದನೀರಿ ಕಾಕಾ! ನನಗ ಹೇಳದ ದೊಡ್ಡ ಸೈಲೆನ್ಸರ್ ಹಾಕಿಬಿಟ್ಟೀರೇನು?"

"ಇಲ್ರಿ," ಎಂದು ನಾನೂ ಕೂಗಿದೆ. "ಇದ್ದ ಸಣ್ಣದ ಕಳಚಿ ಬಿದ್ದೈತಿ!"

೬. ಬಬಲೇಶ್ವರದ ಟ್ರಯಲ್

ಹಳೆಯ ಸೈಲೆನ್ಸರಿಗೇ ವೆಲ್ಡಿಂಗ್ ಹೊಡೆದು ಕೂಡಿಸಿದೆ. ಬ್ರೇಕಿಗೆ ಹೊಸ ಪ್ಯಾಡು, ಗಾಲಿಗೆ ಹೊಸ ಟಾಯರು. ಆದರೆ ಗಾಡಿ ಪಾಸು ಮಾಡಬೇಕಾದವರು ಮನೆಯಾಕೆ. ಅವರ ತವರು ಬಬಲೇಶ್ವರ. "ಅಲ್ಲೀತನಕ ಕೆಡದ ಹೋಗಲಿ, ಆಮ್ಯಾಗ ನೋಡೂಣು," ಎಂದು ತಿಕೋಟಾದಿಂದ ಬಂದು ಮುಂದಿನ ಸೀಟಿನಲ್ಲಿ ಕೂತರು. ಯಜಮಾನರು ಸ್ಟೇರಿಂಗಿಗೆ. ಹಿಂದಿನ ಸೀಟು ಎಂದು ಕರೆಯುವ ಜಾಗದಲ್ಲಿ ನಾನು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು.

ಊರು ದಾಟಿದೆವು. ಸಾರವಾಡದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಒಂದು ಅಡ್ಡ ಬಂತು. ಮುಂದೆ ರಸ್ತೆ ಖಾಲಿ ನೋಡಿಕೊಂಡು ಯಜಮಾನರು ಎಕ್ಸಲರೇಟರ್ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟರ್ಬೋ ಸುಂಯ್ ಎಂದಿತು ನೋಡಿ, ಹಿಂದಿನಿಂದ ಯಾರೋ ಒದ್ದ ಹಾಗೆ ಗಾಡಿ ಹಾರಿತು. ನನ್ನ ತಲೆ ಹಿಂದಿನ ಗಾಜಿಗೆ ಬಡಿಯಿತು. ಯಜಮಾನರು ಹೆಂಡತಿಯ ಮುಖ ನೋಡಿದರು. ಆಕೆ ಮುಂದೆ ನೋಡುತ್ತ ಕೂತಿದ್ದರು. ಯಜಮಾನರ ಮುಖ ಬಾಡಿತು. "ಮುಗೀತ ಬಿಡ್ರಿ ಕಾಕಾ," ಎಂದರು ಕನ್ನಡಿಯಲ್ಲಿ ನನ್ನನ್ನು ನೋಡಿ.

ಬಬಲೇಶ್ವರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದೆವು. ನಾವಿಬ್ಬರೂ ಇಳಿದೆವು. ಆಕೆ ಇಳಿಯಲಿಲ್ಲ.

"ಮಿಸ್ತ್ರಿ, ಚಾವಿ ಇದರಾಗ ಐತೇನು?"

"ಐತ್ರಿ ಅಕ್ಕಾರ."

"ತವರಮನಿಗೆ ಒಂದ ಸುತ್ತ ಹೋಗಿ ತೋರಿಸಿ ಬರ್ತೇನಿ."

ಮನೆಯ ಇನ್ನೊಂದು ಕಾರನ್ನೂ ತೋಟದ ಟ್ರ್ಯಾಕ್ಟರನ್ನೂ ಓಡಿಸುವ ಹೆಣ್ಣುಮಗಳು, ಬೇಡ ಎನ್ನುವುದು ಹೇಗೆ? ಹೋದರು. ಚಹಾ ಆಯಿತು. ಮಿರ್ಚಿ ಭಜಿ ಆಯಿತು. ಮುಕ್ಕಾಲು ತಾಸು ಆಯಿತು. ನನಗೆ ಬ್ರೇಕಿನದೇ ಚಿಂತೆ. ಹೊಸ ಪ್ಯಾಡು ಸವೆದು ಸರಿಯಾಗಿ ಕೂಡುವ ತನಕ ಹಗುರ ನಡೆಸಬೇಕೆಂದು ಯಜಮಾನರಿಗೆ ಹೇಳಿದ್ದೆ, ಆಕೆಗೆ ಹೇಳಿರಲಿಲ್ಲ. ತವರಮನೆಗೆ ಫೋನ್ ಹಚ್ಚಿದರೆ, ಇಲ್ಲಿಗೆ ಬಂದೇ ಇಲ್ಲ ಎಂದರು. ಯಜಮಾನರು ಬೆವರತೊಡಗಿದರು. ಅಷ್ಟರಲ್ಲಿ ಆಕೆಯದೇ ಫೋನು. ನನಗೂ ಕೇಳಲಿ ಎಂದು ಸ್ಪೀಕರ್ ಮೇಲೆ ಹಾಕಿದರು.

"ಎಲ್ಲೀ ಅದಿ?"

"ಮನ್ಯಾಗ."

"ಯಾವ ಮನ್ಯಾಗ?"

"ತಿಕೋಟಾದಾಗ್ರಿ. ರಸ್ತೆ ಛಲೋ ಇತ್ತು, ಹಂಗ ಬಂದಬಿಟ್ಟೆ. ನೀವಿಬ್ಬರೂ ಬಸ್ಸಿಗೆ ಬರ್ರಿ. ಗುಜರಿಯವಂಗ ಫೋನ್ ಮಾಡಿ ಬ್ಯಾಡ ಅಂದೇನಿ."

ಯಜಮಾನರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು. ಅಳಬೇಕೋ ನಗಬೇಕೋ ತಿಳಿಯದ ಮುಖ. ನಾನು ಫೋನಿನ ಹತ್ತಿರ ಬಾಗಿ ಕೇಳಿದೆ.

"ಅಕ್ಕಾರ, ಬ್ರೇಕ್ ಹೆಂಗ ಹಿಡೀತಾವ್ರಿ?"

"ಅದೇನ್ ಗೊತ್ತಾಗಲಿಲ್ಲ ಮಿಸ್ತ್ರಿ. ಬ್ರೇಕ್ ಹಾಕೂ ಪ್ರಸಂಗನ ಬರಲಿಲ್ಲ. ಎಲ್ಲಾರೂ ತಾವ ಬಾಜೂಕ ಸರದ್ರು."